ಸ್ಕ್ವಿಡ್ ಪ್ರಾಕ್ಸಿ: ಫೈರ್‌ವಾಲ್ ಹಿಂದೆ ಕೂರಿಸಿ ನೋಡಿದ ಮೇಲೆ

ಸ್ಕ್ವಿಡ್ ಬಗ್ಗೆ, ಅಂದರೆ ಒಳಗಿನ ಕಂಪ್ಯೂಟರ್‌ಗಳ ಪರವಾಗಿ ಇಂಟರ್ನೆಟ್‌ಗೆ ಹೋಗಿ ಬರುವ ಪ್ರಾಕ್ಸಿ ಸಾಫ್ಟ್‌ವೇರ್ ಬಗ್ಗೆ, ಬರೆಯೋಣ ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಒಮ್ಮೆ ತಂದ ಪೇಜ್ ಎತ್ತಿಡುವ ಅದರ ಕ್ಯಾಶ್ ಎಷ್ಟು ಜೋರು, ಬ್ಯಾಂಡ್‌ವಿಡ್ತ್ ಎಷ್ಟು ಉಳಿಯಿತು ಅನ್ನೋದರ ಬಗ್ಗೆ ಅಲ್ಲ. ಆ ಕಾಲ ಮುಗಿದು ಹೋಯಿತು. ಈಗ ಬಹುತೇಕ ಎಲ್ಲವೂ ಎಚ್‌ಟಿಟಿಪಿಎಸ್, ಪ್ರಾಕ್ಸಿ ಮೂಲಕ ಹೋಗುವುದು ಮುಚ್ಚಿದ ಕೊಳವೆ, ಅದರೊಳಗೆ ಏನಿದೆ ಅಂತ ನೋಡಲಿಕ್ಕೂ ಆಗಲ್ಲ, ಎತ್ತಿಡಲಿಕ್ಕೂ ಆಗಲ್ಲ. ಹಾಗಾದರೆ ಈಗಲೂ ಜನ ಯಾಕೆ ಹಾಕಿಕೊಳ್ಳುತ್ತಾರೆ? ಯಾರು ಹೊರಗೆ ಹೋಗಬಹುದು, ಎಲ್ಲಿಗೆ ಹೋಗಬಹುದು, ಹೋಗುವಾಗ ಯಾವ ವಿಳಾಸ ಹೊತ್ತುಕೊಂಡು ಹೋಗಬೇಕು, ಇಷ್ಟನ್ನೂ ಒಂದೇ ಬಾಗಿಲಲ್ಲಿ ನಿಂತು ನೋಡಿಕೊಳ್ಳಲಿಕ್ಕೆ. ನಾನು ಇಲ್ಲಿ ಹೇಳುವುದು ಆ ವಿಳಾಸದ ವಿಷಯ ಮಾತ್ರ. ಪ್ರಾಕ್ಸಿ ಫೈರ್‌ವಾಲ್ ಹಿಂದೆ ಕೂತಾಗ ಐಪಿ ವಿಳಾಸಗಳನ್ನು ಸ್ಕ್ವಿಡ್ ಹೇಗೆ ನಡೆಸುತ್ತದೆ, ಎಲ್ಲಿ ಕೈ ಕೊಡುತ್ತದೆ, ಎಲ್ಲಿ ತಪ್ಪು ನಮ್ಮದೇ.

1996ರಲ್ಲಿ ಹೊರಬಂದ ಸಾಫ್ಟ್‌ವೇರ್ ಇದು. ನಾವು ದಿನಾ ಬಳಸುವ 10, 172.16, 192.168 ಇಂಥ ಖಾಸಗಿ ವಿಳಾಸಗಳನ್ನು (ಒಳಗಿನ ನೆಟ್‌ವರ್ಕ್‌ನಲ್ಲಿ ಮಾತ್ರ ನಡೆಯುವವು) ಹೇಳುವ ಆರ್‌ಎಫ್‌ಸಿ 1918 ಅನ್ನುವ ಇಂಟರ್ನೆಟ್ ನಿಯಮಪತ್ರ ಕೂಡ ಅದೇ ವರ್ಷದ್ದು. ಒಂದೇ ವಯಸ್ಸಿನವರು ಅಲ್ವಾ, ಆದ್ದರಿಂದಲೋ ಏನೋ ಇವೆರಡಕ್ಕೂ ಚೆನ್ನಾಗಿ ಹೊಂದುತ್ತದೆ. ಇನ್‌ಸ್ಟಾಲ್ ಮಾಡಿ ಕಾನ್ಫಿಗ್ ಫೈಲ್ ತೆಗೆದರೆ ಲೋಕಲ್‌ನೆಟ್ ಅನ್ನುವ ಹೆಸರಲ್ಲಿ ಈ ಖಾಸಗಿ ವಿಳಾಸಗಳೆಲ್ಲ ಮೊದಲೇ ಬರೆದು ಇಟ್ಟಿರುತ್ತವೆ. ಆದರೆ ಆ ವಿಳಾಸದವರನ್ನು ಒಳಗೆ ಬಿಡುವ ಸಾಲು ಕೆಲವು ಪ್ಯಾಕೇಜ್‌ಗಳಲ್ಲಿ ಕಾಮೆಂಟ್ ಆಗಿರುತ್ತದೆ, ಅಂದರೆ ಇದ್ದೂ ಕೆಲಸ ಮಾಡಲ್ಲ. ಹೊಸಬರು ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಬ್ರೌಸರ್‌ನಲ್ಲಿ ಪ್ರಾಕ್ಸಿ ಹಾಕಿದ ತಕ್ಷಣ ಎಲ್ಲದಕ್ಕೂ ‘ಆಕ್ಸೆಸ್ ಡಿನೈಡ್’ ಬರುತ್ತದೆ, ಫೈರ್‌ವಾಲ್ ಮೇಲೆ ಅನುಮಾನ ಬರುತ್ತದೆ, ಫೈರ್‌ವಾಲ್ ಪಾಪ ಏನೂ ಮಾಡಿರುವುದಿಲ್ಲ. ಆಕ್ಸೆಸ್ ಲಾಗ್‌ನಲ್ಲಿ ‘ಟಿಸಿಪಿ ಡಿನೈಡ್ 403’ ಅಂತ ಇದ್ದರೆ ಅದು ಸ್ಕ್ವಿಡ್‌ನದೇ ತೀರ್ಪು. ಪ್ಯಾಕೆಟ್ ಇನ್ನೂ ಫೈರ್‌ವಾಲ್ ಹತ್ತಿರ ಹೋಗೇ ಇಲ್ಲ.

ನನ್ನ ಸೆಟಪ್ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥ ಆಗಲ್ಲ. ಒಂದು ಲಿನಕ್ಸ್ ಮಷಿನ್, ಮೂರು ನೆಟ್‌ವರ್ಕ್ ಕಾರ್ಡ್. ಒಳಗಿನ ಕಡೆ 192.168.10.5. ಹೊರಗೆ ಹೋಗಲು ಎರಡು ಲೈನ್, ಎರಡಕ್ಕೂ ಬೇರೆ ಬೇರೆ ಫೈರ್‌ವಾಲ್. ಮೊದಲನೆಯದರ ಕಡೆ 10.20.1.5, ಎರಡನೆಯದರ ಕಡೆ 10.30.1.5. ಎರಡೂ ಫೈರ್‌ವಾಲ್‌ಗಳು ನ್ಯಾಟ್ ಮಾಡಿ (ಪ್ಯಾಕೆಟ್ ಮೇಲಿನ ವಿಳಾಸ ಬದಲಿಸಿ) ತಮ್ಮ ತಮ್ಮ ಪಬ್ಲಿಕ್ ವಿಳಾಸದಲ್ಲಿ ಹೊರಗೆ ಕಳಿಸುತ್ತವೆ. ಲೆಕ್ಕಪತ್ರದ ವಿಭಾಗದವರು ಎರಡನೇ ಲೈನಿಂದಲೇ ಹೋಗಬೇಕು, ಯಾಕೆಂದರೆ ಅವರು ಬಳಸುವ ಸೈಟ್ ಆ ಒಂದು ಪಬ್ಲಿಕ್ ವಿಳಾಸವನ್ನು ಮಾತ್ರ ಒಳಗೆ ಬಿಡುತ್ತದೆ. ಉಳಿದವರೆಲ್ಲ ಮೊದಲನೇ ಲೈನ್. ಇಷ್ಟೇ. ಕಾಗದದ ಮೇಲೆ ಅರ್ಧ ಗಂಟೆಯ ಕೆಲಸ.

ಮೊದಲನೇ ದಡ್ಡತನ ನನ್ನದು. ಸ್ಕ್ವಿಡ್ ಕಾನ್ಫಿಗ್‌ನಲ್ಲಿ ‘ಹೊರಗೆ ಹೋಗುವ ವಿಳಾಸ’ ಅಂತ ಕೇಳಿದ ಕೂಡಲೇ ಪಬ್ಲಿಕ್ ವಿಳಾಸ ಬರೆದೆ, 203.0.113.7 ಅಂತ ಇಟ್ಟುಕೊಳ್ಳಿ. ಸೈಟ್‌ನವರು ಕೇಳಿದ್ದು ಅದನ್ನೇ ಅಲ್ವಾ. ಸ್ಕ್ವಿಡ್ ಚಾಲೂ ಆಯಿತು, ಕಾನ್ಫಿಗ್ ಪರೀಕ್ಷೆ ಮಾಡುವ ‘ಪಾರ್ಸ್’ ಕಮ್ಯಾಂಡ್ ಕೂಡ ಒಂದು ಮಾತೂ ಆಡಲಿಲ್ಲ, ಆದರೆ ಒಂದು ಪೇಜೂ ಬರುತ್ತಿಲ್ಲ. ಕ್ಯಾಶ್ ಲಾಗ್ ತೆಗೆದರೆ ಸಾಲು ಸಾಲಾಗಿ ‘ಕೆನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್’, ಎರರ್ ನಂಬರ್ 99. ಆ ವಿಳಾಸ ಇರುವುದು ಫೈರ್‌ವಾಲ್ ಮೈಮೇಲೆ, ನನ್ನ ಮಷಿನ್ ಮೇಲಲ್ಲ. ನನ್ನದಲ್ಲದ ವಿಳಾಸಕ್ಕೆ ಸಾಕೆಟ್ (ಕನೆಕ್ಷನ್‌ನ ತುದಿ) ಕಟ್ಟು ಅಂದರೆ ಲಿನಕ್ಸ್‌ನ ತಿರುಳಾದ ಕರ್ನಲ್ ಯಾಕೆ ಒಪ್ಪುತ್ತದೆ? ಫೈರ್‌ವಾಲ್ ಹಿಂದೆ ಕೂತ ಪ್ರಾಕ್ಸಿಗೆ ತನ್ನ ಪಬ್ಲಿಕ್ ವಿಳಾಸ ಏನು ಅನ್ನೋದೇ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ‘ಪಾರ್ಸ್’ ವ್ಯಾಕರಣ ಮಾತ್ರ ನೋಡುತ್ತದೆ. ವಿಳಾಸ ನಿಜವಾಗಿ ಮಷಿನ್ ಮೇಲೆ ಇದೆಯಾ ಅಂತ ಅದು ಕೇಳಲ್ಲ. ಇದೊಂದು ಎಚ್ಚರಿಕೆ ಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಸರಿ, 10.30.1.5 ಅಂತ ತಿದ್ದಿದೆ. ಈಗ ಎರರ್ ಇಲ್ಲ. ಆದರೆ ಲೆಕ್ಕಪತ್ರದವರಿಗೆ ಪೇಜ್ ತಿರುಗುತ್ತಾ ತಿರುಗುತ್ತಾ ಒಂದು ನಿಮಿಷ ಆದ ಮೇಲೆ ಸತ್ತು ಹೋಗುತ್ತದೆ. ಉಳಿದವರಿಗೆ ಎಲ್ಲ ಸರಿ. ಲಾಗ್‌ನಲ್ಲಿ 503, ಪಕ್ಕದಲ್ಲಿ ಸಮಯ 60 ಸಾವಿರ ಮಿಲಿಸೆಕೆಂಡ್ ಆಸುಪಾಸು. ಆ ಒಂದು ನಿಮಿಷ ಸ್ಕ್ವಿಡ್‌ನ ಕನೆಕ್ಟ್ ಟೈಮ್‌ಔಟ್, ಡೀಫಾಲ್ಟ್ ಅಷ್ಟೇ ಇರುತ್ತದೆ. ಅಂದರೆ ಯಾರೋ ಬಾಗಿಲು ಮುಖಕ್ಕೆ ಹಾಕುತ್ತಿಲ್ಲ. ಬಾಗಿಲು ತಟ್ಟಿದರೂ ಉತ್ತರವೇ ಇಲ್ಲ. ಫೈರ್‌ವಾಲ್ ರಿಜೆಕ್ಟ್ ಮಾಡಿದ್ದರೆ ಕ್ಷಣದಲ್ಲಿ ಎರರ್ ಬರುತ್ತಿತ್ತು, ಡ್ರಾಪ್ ಮಾಡಿದರೆ ಹೀಗೆ ಕಾಯಿಸುತ್ತದೆ.

ಎರಡನೇ ಫೈರ್‌ವಾಲ್ ನೋಡಿಕೊಳ್ಳುವ ಗೆಳೆಯನಿಗೆ ಫೋನ್ ಮಾಡಿದೆ. ‘ನಮ್ಮ ಕಡೆ ಒಂದು ಪ್ಯಾಕೆಟ್ಟೂ ಬಂದಿಲ್ಲಪ್ಪ, ಲಾಗ್ ಖಾಲಿ’ ಅಂದ. ನಾನು ನಂಬಲಿಲ್ಲ. ಸುಮ್ನೆ ಹೇಳುತ್ತಿದ್ದಾನೆ ಅಂದುಕೊಂಡು ಇನ್ನೊಂದು ಗಂಟೆ ಅವನ ರೂಲ್‌ಗಳನ್ನೇ ಓದಿಸಿದೆ. ಕೊನೆಗೆ ನನ್ನ ಮಷಿನ್ ಮೇಲೆ ಟಿಸಿಪಿಡಂಪ್ (ಹೋಗಿ ಬರುವ ಪ್ಯಾಕೆಟ್ ತೋರಿಸುವ ಟೂಲ್) ಹಾಕಿದೆ, ಎರಡನೇ ಲೈನಿನ ಕಾರ್ಡ್ ಮೇಲೆ. ಮೌನ. ಅನುಮಾನ ಬಂದು ಮೊದಲನೇ ಲೈನಿನ ಕಾರ್ಡ್ ಮೇಲೆ ಹಾಕಿದೆ. ಅಲ್ಲಿದೆ! 10.30.1.5 ಅನ್ನುವ ವಿಳಾಸ ಹೊತ್ತ ಸಿನ್ ಪ್ಯಾಕೆಟ್ (ಕನೆಕ್ಷನ್ ಶುರು ಮಾಡಲು ಕಳಿಸುವ ಮೊದಲನೆಯದು), 10.20 ಕಡೆಯ ತಂತಿಯಲ್ಲಿ ಹೊರಗೆ ಹೋಗುತ್ತಿದೆ. ಒಂದು ಸೆಕೆಂಡ್ ಬಿಟ್ಟು ಮತ್ತೆ ಅದೇ ಪ್ಯಾಕೆಟ್, ಎರಡು ಸೆಕೆಂಡ್ ಬಿಟ್ಟು ಮತ್ತೆ, ನಾಲ್ಕು ಬಿಟ್ಟು ಮತ್ತೆ. ಆ ಕಡೆ ಮೊದಲನೇ ಫೈರ್‌ವಾಲ್, ತನಗೆ ಗೊತ್ತಿಲ್ಲದ ನೆಟ್‌ವರ್ಕ್‌ನ ವಿಳಾಸ ತನ್ನ ಕಡೆ ಬಂದದ್ದು ನೋಡಿ, ಇದು ಯಾರದೋ ಕಳ್ಳ ವಿಳಾಸ ಅಂತ ಸದ್ದಿಲ್ಲದೆ ಎಸೆಯುತ್ತಿದೆ. ಅದರ ಕೆಲಸ ಅದು ಸರಿಯಾಗಿಯೇ ಮಾಡಿತ್ತು. ಗೆಳೆಯನಿಗೆ ಮತ್ತೆ ಫೋನ್ ಮಾಡಿ ತಪ್ಪಾಯಿತು ಅಂದೆ.

ಸ್ಕ್ವಿಡ್‌ನ ಅತಿ ದೊಡ್ಡ ಗೊಂದಲ ಇರುವುದು ಇಲ್ಲೇ. ‘ಟಿಸಿಪಿ ಔಟ್‌ಗೋಯಿಂಗ್ ಅಡ್ರೆಸ್’ ಅನ್ನುವ ಸಾಲು ದಾರಿ ಆರಿಸುವುದಿಲ್ಲ. ಲಕೋಟೆ ಮೇಲೆ ‘ಇಂದ’ ಅಂತ ಬರೆಯುತ್ತೇವಲ್ಲ, ಅಷ್ಟು ಮಾತ್ರ ಅದು ಮಾಡುತ್ತದೆ. ಲಕೋಟೆ ಯಾವ ಡಬ್ಬಿಗೆ ಬೀಳಬೇಕು ಅನ್ನೋದನ್ನು ಹೇಳುವುದು ಆಪರೇಟಿಂಗ್ ಸಿಸ್ಟಂನ ರೂಟಿಂಗ್ ಟೇಬಲ್. ಅಲ್ಲಿ ಡೀಫಾಲ್ಟ್ ಗೇಟ್‌ವೇ ಒಂದೇ, 10.20.1.1. ಹಾಗಾಗಿ ಯಾವ ವಿಳಾಸ ಬರೆದರೂ ಎಲ್ಲ ಪ್ಯಾಕೆಟ್ಟೂ ಆ ಕಡೆಗೇ. ಇದಕ್ಕೆ ಮದ್ದು ಸ್ಕ್ವಿಡ್‌ನಲ್ಲಿಲ್ಲ, ಲಿನಕ್ಸ್‌ನಲ್ಲಿದೆ. ಇನ್ನೊಂದು ರೂಟಿಂಗ್ ಟೇಬಲ್ ಮಾಡಿ, ಅದರಲ್ಲಿ 10.30.1.1 ಡೀಫಾಲ್ಟ್ ಅಂತ ಹಾಕಿ, ‘10.30.1.5ರಿಂದ ಹೊರಡುವುದೆಲ್ಲ ಈ ಟೇಬಲ್ ನೋಡಲಿ’ ಅಂತ ಒಂದು ಐಪಿ ರೂಲ್ ಸೇರಿಸಬೇಕು. ಎರಡು ಸಾಲು. ಹಾಕಿದ ತಕ್ಷಣ ಎರಡನೇ ಕಾರ್ಡ್ ಮೇಲೆ ಪ್ಯಾಕೆಟ್ ಓಡಾಟ ಶುರುವಾಯಿತು. ಆ ಎರಡು ಸಾಲನ್ನು ಟರ್ಮಿನಲ್‌ನಲ್ಲಿ ಹೊಡೆದು ಮರೆತರೆ ಮುಂದಿನ ರೀಬೂಟ್‌ಗೆ ಮಾಯ ಆಗುತ್ತವೆ, ನೆಟ್‌ವರ್ಕ್ ಕಾನ್ಫಿಗ್ ಫೈಲ್‌ನಲ್ಲೇ ಬರೆಯಿರಿ. ನಾನು ಮರೆತಿದ್ದೆನಾ? ಹೌದು, ಅದೂ ಆಯಿತು.

ಕೆಲಸ ಮುಗಿಯಿತು ಅಂದುಕೊಂಡರೆ ಇನ್ನೊಂದು ಬಾಕಿ ಇತ್ತು. ಆಗಾಗ, ಹತ್ತರಲ್ಲಿ ಒಂದು ಸಲ ಅನ್ನುವ ಹಾಗೆ, ಲೆಕ್ಕಪತ್ರದವರ ರಿಕ್ವೆಸ್ಟ್ ಮೊದಲನೇ ಲೈನಿಂದ ಹೋಗಿಬಿಡುತ್ತಿತ್ತು. ಅದೂ ಸಾದಾ ಎಚ್‌ಟಿಟಿಪಿ ಪೇಜ್‌ಗಳಲ್ಲಿ ಮಾತ್ರ. ಯಾಕೆ ಅಂದರೆ, ಸ್ಕ್ವಿಡ್ ಹೊರಗಿನ ಸರ್ವರ್ ಜೊತೆ ಒಮ್ಮೆ ಮಾಡಿದ ಕನೆಕ್ಷನ್ ಮುಚ್ಚದೆ ಇಟ್ಟುಕೊಂಡು ಇನ್ನೊಬ್ಬರ ರಿಕ್ವೆಸ್ಟ್‌ಗೂ ಅದನ್ನೇ ಬಳಸುತ್ತದೆ. ಬೇರೆ ವಿಭಾಗದವರು ತೆರೆದ ಕನೆಕ್ಷನ್ ಆಗಲೇ ಬಿಸಿಯಾಗಿ ಇದ್ದರೆ ಲೆಕ್ಕಪತ್ರದವರೂ ಅದೇ ಗಾಡಿ ಹತ್ತುತ್ತಾರೆ, ವಿಳಾಸ ಹಳೆಯದು. ಬಳಸುವವರು ಯಾರು ಅನ್ನೋದರ ಮೇಲೆ ಹೊರ ವಿಳಾಸ ಆರಿಸುವುದಾದರೆ ‘ಸರ್ವರ್ ಪರ್ಸಿಸ್ಟೆಂಟ್ ಕನೆಕ್ಷನ್ಸ್’ ಆಫ್ ಮಾಡಿ ಅಂತ ‘ಟಿಸಿಪಿ ಔಟ್‌ಗೋಯಿಂಗ್ ಅಡ್ರೆಸ್’ ಸಾಲಿನ ವಿವರಣೆಯಲ್ಲೇ ಬರೆದಿದ್ದಾರೆ. ಅಲ್ಲೇ ಇತ್ತು. ನಾನು ಓದಿರಲಿಲ್ಲ. ಎಚ್‌ಟಿಟಿಪಿಎಸ್‌ಗೆ ಈ ತೊಂದರೆ ಇಲ್ಲ, ಅಲ್ಲಿ ಪ್ರತಿ ಕನೆಕ್ಟ್‌ಗೂ ಹೊಸ ಕೊಳವೆ.

ಈ ವಿವರಣೆ ಫೈಲ್ ಬಗ್ಗೆ ಒಂದು ಮಾತು. ಸ್ಕ್ವಿಡ್ ಜೊತೆಗೆ ಬರುವ ‘ಡಾಕ್ಯುಮೆಂಟೆಡ್’ ಕಾನ್ಫಿಗ್ ಸಾವಿರಾರು ಸಾಲು ಇದೆ. ಭಾಷೆ ಒಣ, ಉದಾಹರಣೆ ಕಡಿಮೆ, ಆದರೆ ಸುಳ್ಳು ಇಲ್ಲ. ನನಗೆ ಕಾಡಿದ ಪ್ರತಿಯೊಂದು ಸಮಸ್ಯೆಗೂ ಉತ್ತರ ಅದರ ಯಾವುದೋ ಮೂಲೆಯಲ್ಲಿ ಒಂದು ವಾಕ್ಯವಾಗಿ ಕೂತಿತ್ತು. ಬರೆದವರಿಗೆ ಎಲ್ಲ ಗೊತ್ತು, ನಮಗೆ ಯಾವುದು ಗೊತ್ತಿಲ್ಲ ಅನ್ನೋದೊಂದು ಅವರಿಗೆ ಗೊತ್ತಿಲ್ಲ.

ಒಳಗಿನ ಮುಖದ ಬಗ್ಗೆ ಹೇಳುವುದಾದರೆ, ಇಲ್ಲಿ ಸ್ಕ್ವಿಡ್ ತುಂಬ ಸರಳ. ‘ಎಚ್‌ಟಿಟಿಪಿ ಪೋರ್ಟ್ 3128’ ಅಂತ ಬರೀ ನಂಬರ್ ಬರೆದರೆ ಮಷಿನ್‌ನ ಎಲ್ಲ ವಿಳಾಸಗಳ ಮೇಲೂ ಕಿವಿ ತೆರೆದು ಕೂರುತ್ತದೆ. ಅಂದರೆ ಹೊರಗಿನ ಕಾರ್ಡ್‌ಗಳ ಮೇಲೂ. ಮುಂದೆ ಫೈರ್‌ವಾಲ್ ಇದೆಯಲ್ಲ ಅಂತ ಸುಮ್ಮನಿರಬೇಡಿ. ಫೈರ್‌ವಾಲ್‌ನಲ್ಲಿ ಯಾರೋ ಒಂದು ಪೋರ್ಟ್ ಫಾರ್ವರ್ಡ್ ತಪ್ಪಾಗಿ ಹಾಕಿ, ಜೊತೆಗೆ ನಿಮ್ಮ ಅನುಮತಿ ರೂಲ್ ಸ್ವಲ್ಪ ಸಡಿಲ ಇದ್ದರೆ, ಊರಿಗೆಲ್ಲ ಬಾಗಿಲು ತೆಗೆದಂತೆ. 192.168.10.5:3128 ಅಂತ ಪೂರ್ತಿ ಬರೆಯಿರಿ, ಆಮೇಲೆ ‘ಎಸ್‌ಎಸ್’ ಕಮ್ಯಾಂಡ್ ಹೊಡೆದು ನಿಜವಾಗಿ ಅಲ್ಲಿ ಮಾತ್ರ ಕೂತಿದೆಯಾ ನೋಡಿ. ಒಂದೇ ಕಷ್ಟ, ಬೂಟ್ ಆಗುವಾಗ ಆ ವಿಳಾಸ ಬರುವ ಮೊದಲೇ ಸ್ಕ್ವಿಡ್ ಎದ್ದರೆ ಪೋರ್ಟ್ ತೆರೆಯಲಾಗದೆ ಬಿದ್ದುಹೋಗುತ್ತದೆ. ಎರಡು ಮಷಿನ್ ನಡುವೆ ಓಡಾಡುವ ವರ್ಚುವಲ್ ವಿಳಾಸ ಬಳಸುವವರಿಗೆ ಇದು ಜಾಸ್ತಿ ಕಾಡುತ್ತದೆ. ಕರ್ನಲ್‌ನಲ್ಲಿ ‘ನಾನ್‌ಲೋಕಲ್ ಬೈಂಡ್’ (ಇನ್ನೂ ಬಾರದ ವಿಳಾಸದ ಮೇಲೂ ಕೂರಲು ಬಿಡುವ ಸೆಟ್ಟಿಂಗ್) ಆನ್ ಮಾಡಿದರೆ ಆಯಿತು.

ಅನುಮತಿ ರೂಲ್‌ಗಳು ಮೇಲಿಂದ ಕೆಳಗೆ, ಮೊದಲು ಹೊಂದಿದ್ದೇ ಗೆದ್ದದ್ದು. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಯಾವುದೆಂದರೆ, ಯಾವ ಸಾಲೂ ಹೊಂದದಿದ್ದರೆ ಸ್ಕ್ವಿಡ್ ಕೊನೆಯ ಸಾಲಿನ ಉಲ್ಟಾ ಮಾಡುತ್ತದೆ. ಕೊನೆಯಲ್ಲಿ ‘ಇವರಿಗೆ ಬೇಡ’ ಅಂತ ನಿಲ್ಲಿಸಿದರೆ ಉಳಿದವರಿಗೆಲ್ಲ ಬೇಕು ಅಂತ ಅರ್ಥ! ಯಾರ ತಲೆಯಲ್ಲಿ ಬಂತೋ. ಅದಕ್ಕೇ ಕಟ್ಟಕಡೆಗೆ ‘ಡಿನೈ ಆಲ್’ ಇರಲೇಬೇಕು, ಅದನ್ನು ಅಳಿಸುವ ಧೈರ್ಯ ಮಾಡಬೇಡಿ.

ಇನ್ನೊಂದು, ಈ ರೂಲ್‌ಗಳು ನೋಡುವುದು ತಮ್ಮ ಹತ್ತಿರ ಬಂದು ಮುಟ್ಟಿದ ವಿಳಾಸವನ್ನು. ಬಳಸುವವರಿಗೂ ಪ್ರಾಕ್ಸಿಗೂ ನಡುವೆ ಇನ್ನೊಂದು ಫೈರ್‌ವಾಲ್ ಇದ್ದು ಅದು ನ್ಯಾಟ್ ಮಾಡಿದರೆ, ಇನ್ನೂರು ಜನ ಒಂದೇ ಮುಖ ಹಾಕಿಕೊಂಡು ಬರುತ್ತಾರೆ. ನಮ್ಮಲ್ಲಿ ವಿಪಿಎನ್ ಮೂಲಕ ಬರುವವರೆಲ್ಲ ಹಾಗೇ ಒಂದೇ ಐಪಿಯಾಗಿ ಕಾಣುತ್ತಿದ್ದರು, ಒಬ್ಬರನ್ನು ಬ್ಲಾಕ್ ಮಾಡಿದೆ, ಎಲ್ಲರ ಇಂಟರ್ನೆಟ್ಟೂ ಹೋಯಿತು, ಹದಿನೈದು ನಿಮಿಷ ನನ್ನ ಫೋನ್ ಕೆಳಗಿಡಲು ಆಗಲಿಲ್ಲ. ಪ್ರಾಕ್ಸಿ ಕಡೆ ಬರುವ ಟ್ರಾಫಿಕ್‌ಗೆ ನ್ಯಾಟ್ ಬೇಡ ಅಂತ ಆ ಫೈರ್‌ವಾಲ್‌ನಲ್ಲಿ ಹೇಳಿಸಿದ ಮೇಲೆ ಸರಿಹೋಯಿತು. ವಾಪಸ್ ಹೋಗುವ ದಾರಿಗೆ ಪ್ರಾಕ್ಸಿ ಮಷಿನ್ ಮೇಲೆ ಒಂದು ರೂಟ್ ಬೇಕಾಗುತ್ತದೆ, ಅದನ್ನು ಮರೆಯಬೇಡಿ.

ಡಿಎನ್ಎಸ್ (ಸೈಟ್ ಹೆಸರಿಂದ ಐಪಿ ಹುಡುಕುವ ವ್ಯವಸ್ಥೆ) ಬಗ್ಗೆ ಹೇಳದಿದ್ದರೆ ಆಗಲ್ಲ, ಯಾಕೆಂದರೆ ‘ಫೈರ್‌ವಾಲ್ ಪ್ರಾಬ್ಲಂ’ ಅಂತ ಬರುವ ದೂರುಗಳಲ್ಲಿ ಎಷ್ಟೋ ಇದೇ. ಸ್ಕ್ವಿಡ್ ಹೆಸರು ಹುಡುಕಲು ತನ್ನದೇ ಡಿಎನ್ಎಸ್ ಕ್ಲೈಂಟ್ ಇಟ್ಟುಕೊಂಡಿದೆ. ಸರ್ವರ್ ಯಾವುದು ಅಂತ ಮಷಿನ್‌ನ ರಿಸಾಲ್ವ್ ಫೈಲ್‌ನಿಂದ ಓದಿಕೊಳ್ಳುತ್ತದೆ, ಬೇರೆ ಬೇಕಿದ್ದರೆ ನೀವು ಕಾನ್ಫಿಗ್‌ನಲ್ಲಿ ಹೇಳಬೇಕು. ಫೈರ್‌ವಾಲ್‌ನಲ್ಲಿ ಪ್ರಾಕ್ಸಿಗೆ ವೆಬ್‌ನ ಪೋರ್ಟ್ 80 ಮತ್ತು 443 ಮಾತ್ರ ತೆರೆದು, ಡಿಎನ್ಎಸ್‌ನ 53 ಮರೆತರೆ ಯಾವ ಹೆಸರೂ ಸಿಗಲ್ಲ. ಯುಡಿಪಿ 53 ತೆರೆದು ಟಿಸಿಪಿ 53 ಮರೆತರೆ ಇನ್ನೂ ಕೆಟ್ಟದು, ಬಹುತೇಕ ಸೈಟ್ ಬರುತ್ತವೆ, ಉತ್ತರ ಉದ್ದ ಇರುವ ಕೆಲವು ಮಾತ್ರ ಬರಲ್ಲ. ಇದೇ ಜಾತಿಯ ಇನ್ನೊಂದು ತಲೆನೋವು ಐಸಿಎಂಪಿ, ಅಂದರೆ ದಾರಿಯಲ್ಲಿನ ತೊಂದರೆ ಹೇಳುವ ಸಂದೇಶಗಳು. ಸುರಕ್ಷತೆ ಅಂತ ಎಲ್ಲ ಐಸಿಎಂಪಿ ಮುಚ್ಚಿದರೆ ‘ನಿನ್ನ ಪ್ಯಾಕೆಟ್ ದೊಡ್ಡದು, ಚಿಕ್ಕದು ಮಾಡು’ ಅನ್ನುವ ಸುದ್ದಿಯೂ ವಾಪಸ್ ಬರಲ್ಲ. ಪೇಜ್ ತೆರೆಯುತ್ತದೆ, ಲಾಗಿನ್ ಆಗುತ್ತದೆ, ದೊಡ್ಡ ಫೈಲ್ ಅಪ್‌ಲೋಡ್ ಮಾಡಿದರೆ ಮಾತ್ರ ಅಲ್ಲೇ ನಿಂತುಬಿಡುತ್ತದೆ. ಇದು ಸ್ಕ್ವಿಡ್‌ನ ತಪ್ಪಲ್ಲ, ಆದರೆ ಬೈಗುಳ ಅದಕ್ಕೇ.

ಐಪಿ ವಿಳಾಸದ ಹೊಸ ಮಾದರಿ ಐಪಿವಿ6 ಕೂಡ ಹಾಗೇ. ಮಷಿನ್‌ಗೆ ವಿ6 ವಿಳಾಸ ಇದ್ದು ಫೈರ್‌ವಾಲ್ ಅದನ್ನು ಡ್ರಾಪ್ ಮಾಡುತ್ತಿದ್ದರೆ ಹಳೆಯ ಸ್ಕ್ವಿಡ್ ಮೊದಲು ಅಲ್ಲಿ ತಲೆ ಚಚ್ಚಿಕೊಂಡು ಆಮೇಲೆ ವಿ4ಗೆ ಬರುತ್ತಿತ್ತು. 5ನೇ ವರ್ಷನ್‌ನಿಂದ ಎರಡನ್ನೂ ಚಿಕ್ಕ ಅಂತರದಲ್ಲಿ ಪ್ರಯತ್ನಿಸಿ ಗೆದ್ದದ್ದನ್ನು ಹಿಡಿಯುತ್ತದೆ. ಅದಕ್ಕಾಗಿಯಾದರೂ ಅಪ್‌ಗ್ರೇಡ್ ಮಾಡಿ.

ನಿಮ್ಮ ಪ್ರಾಕ್ಸಿಗೆ ನೇರ ಹೊರಗೆ ಹೋಗುವ ಅನುಮತಿಯೇ ಇಲ್ಲ, ಮೇಲೊಂದು ದೊಡ್ಡ ಪ್ರಾಕ್ಸಿ ಮೂಲಕವೇ ಹೋಗಬೇಕು ಅಂತಿದ್ದರೆ ಸ್ಕ್ವಿಡ್ ಇದನ್ನು ನಿಜಕ್ಕೂ ಚೆನ್ನಾಗಿ ಮಾಡುತ್ತದೆ. ‘ಕ್ಯಾಶ್ ಪಿಯರ್’ ಸಾಲಲ್ಲಿ ಆ ದೊಡ್ಡದರ ವಿಳಾಸ ಕೊಟ್ಟು ಪೇರೆಂಟ್ ಅಂತ ಹೇಳಿ, ‘ನೆವರ್ ಡೈರೆಕ್ಟ್’ನಲ್ಲಿ ಎಲ್ಲವನ್ನೂ ಹಾಕಿ. ಒಳಗಿನ ಸೈಟ್‌ಗಳಿಗೆ ಮಾತ್ರ ‘ಆಲ್ವೇಸ್ ಡೈರೆಕ್ಟ್’. ಪಿಯರ್ ಸಾಲಲ್ಲಿ ‘ನೋ ಕ್ವೆರಿ’ ಸೇರಿಸಿ, ಇಲ್ಲದಿದ್ದರೆ ಯುಡಿಪಿ 3130ರಲ್ಲಿ ಅದನ್ನು ವಿಚಾರಿಸುತ್ತದೆ, ನಿಮ್ಮ ಫೈರ್‌ವಾಲ್ ಅದನ್ನು ಬಿಟ್ಟಿರಲ್ಲ, ಪೇರೆಂಟ್ ಸತ್ತಿದೆ ಅಂತ ತೀರ್ಮಾನ ಮಾಡಿಬಿಡುತ್ತದೆ. ಈ ವ್ಯವಸ್ಥೆಯಲ್ಲಿ ಹೊರಗಿನ ಹೆಸರುಗಳನ್ನು ಪೇರೆಂಟೇ ಹುಡುಕಿಕೊಳ್ಳುತ್ತದೆ, ನಿಮ್ಮ ಕಡೆ ಹೊರಗಿನ ಡಿಎನ್ಎಸ್ ಬೇಕಾಗಿಲ್ಲ. ಆದರೆ ನಿಮ್ಮ ರೂಲ್‌ಗಳಲ್ಲಿ ಸೇರುವ ಜಾಗದ ಐಪಿ ನೋಡುವ ಒಂದೇ ಒಂದು ಸಾಲು ಇದ್ದರೂ ಆ ಹೆಸರನ್ನು ಹುಡುಕಲು ಹೊರಡುತ್ತದೆ, ಉತ್ತರ ಬರದೆ ಪ್ರತಿ ಪೇಜೂ ಆಮೆ. ಹೆಸರಿನ ಮೇಲೆ ರೂಲ್ ಬರೆಯಿರಿ, ಐಪಿ ಮೇಲೆ ಬೇಡ. ಎರಡೂ ಸ್ಕ್ವಿಡ್ ಆಗಿದ್ದರೆ ಇಬ್ಬರ ‘ವಿಸಿಬಲ್ ಹೋಸ್ಟ್‌ನೇಮ್’ ಬೇರೆ ಇರಲಿ. ಒಂದೇ ಇದ್ದರೆ ತನ್ನ ಪ್ಯಾಕೆಟ್ ತನಗೇ ಸುತ್ತಿ ಬಂತು ಅಂತ ಗಾಬರಿಯಾಗಿ ‘ಫಾರ್ವರ್ಡಿಂಗ್ ಲೂಪ್’ ಅನ್ನುತ್ತದೆ.

ಬ್ರೌಸರ್‌ನಲ್ಲಿ ಏನೂ ಹಾಕದೆ ಟ್ರಾಫಿಕ್ ತಾನಾಗೇ ಪ್ರಾಕ್ಸಿಗೆ ತಿರುಗಲಿ ಅನ್ನುವ ಆಸೆ ಎಲ್ಲರಿಗೂ ಇರುತ್ತದೆ. ಫೈರ್‌ವಾಲ್‌ನಲ್ಲೇ ಡೆಸ್ಟಿನೇಷನ್ ನ್ಯಾಟ್ (ಸೇರುವ ವಿಳಾಸ ಬದಲಿಸುವ ನ್ಯಾಟ್) ಹಾಕಿ ಸ್ಕ್ವಿಡ್ ಕಡೆ ದಬ್ಬೋಣ ಅಂದರೆ ಈಗಿನ ವರ್ಷನ್‌ಗಳು ಒಪ್ಪಲ್ಲ. ಮೂಲತಃ ಎಲ್ಲಿಗೆ ಹೊರಟಿತ್ತು ಅನ್ನುವ ವಿಳಾಸ ಆ ನ್ಯಾಟ್‌ನಲ್ಲಿ ಅಳಿಸಿ ಹೋಗಿರುತ್ತದೆ, ಹೆಸರು ಮತ್ತು ವಿಳಾಸ ತಾಳೆ ನೋಡಲು ಸ್ಕ್ವಿಡ್‌ಗೆ ಅದು ಬೇಕು. ಫೈರ್‌ವಾಲ್ ಪ್ಯಾಕೆಟ್‌ನ ವಿಳಾಸ ಮುಟ್ಟದೆ ದಾರಿ ಮಾತ್ರ ತಿರುಗಿಸಬೇಕು, ನ್ಯಾಟ್ ಸ್ಕ್ವಿಡ್ ಮಷಿನ್ ಮೇಲೇ ಆಗಬೇಕು. ನಾನು ಒಂದು ವಾರ ಓಡಿಸಿ ಕೈಬಿಟ್ಟೆ, ಬ್ರೌಸರ್‌ಗೆ ಪ್ಯಾಕ್ ಫೈಲ್ (ಯಾವ ಸೈಟ್‌ಗೆ ಯಾವ ಪ್ರಾಕ್ಸಿ ಅಂತ ಹೇಳುವ ಫೈಲ್) ಕೊಡುವುದೇ ನೆಮ್ಮದಿ.

ಇನ್ನು ಚಿಕ್ಕ ಚಿಕ್ಕವು. ಡೀಫಾಲ್ಟ್ ಆಗಿ ಸ್ಕ್ವಿಡ್ ಸಾದಾ ಎಚ್‌ಟಿಟಿಪಿಯಲ್ಲಿ ನಿಮ್ಮ ಒಳಗಿನ ಐಪಿಯನ್ನು ಹೊರಗಿನ ಸೈಟ್‌ಗೆ ಹೇಳಿಬಿಡುತ್ತದೆ. ‘ಫಾರ್ವರ್ಡೆಡ್ ಫಾರ್’ ಡಿಲೀಟ್ ಅಂತ ಬರೆದರೆ ಬಾಯಿ ಮುಚ್ಚುತ್ತದೆ. ಜನ ಜಾಸ್ತಿ ಇದ್ದು ಎಲ್ಲರೂ ಒಂದೇ ಸೈಟ್‌ಗೆ ಹೋಗುವುದಾದರೆ ಒಂದು ಹೊರ ವಿಳಾಸ ಸಾಲದೆ ಬರಬಹುದು, ಲಿನಕ್ಸ್ ಡೀಫಾಲ್ಟ್‌ನಲ್ಲಿ ಬಳಸುವ ಪೋರ್ಟ್‌ಗಳು 32768ರಿಂದ 60999ರವರೆಗೆ, ಅಂದರೆ ಸುಮಾರು 28 ಸಾವಿರ. ಲಾಗ್‌ನಲ್ಲಿ ಸಮಯ ಎಪಾಕ್ ಸೆಕೆಂಡ್‌ಗಳಲ್ಲಿ (1970ರ ಆರಂಭದಿಂದ ಎಣಿಸಿದ ಸೆಕೆಂಡ್) ಬರುತ್ತದೆ, ಫೈರ್‌ವಾಲ್ ಲಾಗ್ ಜೊತೆ ತಾಳೆ ನೋಡುವಾಗ ಕಣ್ಣು ಕೆಡುತ್ತದೆ, ಮೊದಲ ದಿನವೇ ಲಾಗ್ ಫಾರ್ಮ್ಯಾಟ್ ಬದಲಿಸಿಕೊಳ್ಳಿ. ಸ್ಟಾಪ್ ಅಂದರೆ ಮೂವತ್ತು ಸೆಕೆಂಡ್ ಕಾಯುತ್ತದೆ, ಕೆಟ್ಟಿದೆ ಅಂತ ಕಿಲ್ ಮಾಡಬೇಡಿ.

ಇಷ್ಟೆಲ್ಲ ಯಾಕೆ, ಟೈನಿಪ್ರಾಕ್ಸಿ ಅನ್ನುವ ಚಿಕ್ಕ ಪ್ರಾಕ್ಸಿ ಸಾಲದಾ ಅಂತ ಕೇಳುವವರು ಇದ್ದಾರೆ. ಸಾಲುತ್ತದೆ, ನಿಮಗೆ ಹೊರಗೆ ಹೋಗುವ ವಿಳಾಸ ಒಂದೇ ಆಗಿದ್ದರೆ. ಕೇಳುವ ವಿಳಾಸಕ್ಕೆ ‘ಲಿಸನ್’, ಹೊರಡುವ ವಿಳಾಸಕ್ಕೆ ‘ಬೈಂಡ್’, ಅಷ್ಟೇ, ಕಾನ್ಫಿಗ್ ಒಂದು ಪರದೆಯಲ್ಲಿ ಮುಗಿಯುತ್ತದೆ. ಇವರು ಈ ಲೈನ್, ಅವರು ಆ ಲೈನ್, ಈ ಸೈಟ್ ಮಾತ್ರ ಮೇಲಿನ ಪ್ರಾಕ್ಸಿ ಅಂತೆಲ್ಲ ಶುರುವಾದರೆ ಸ್ಕ್ವಿಡ್ ಬಿಟ್ಟು ನನಗೆ ಬೇರೆ ಗತಿ ಕಾಣಲಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದದ್ದು ‘ಪಾರ್ಸ್’ನ ಆ ಮೌನಕ್ಕೆ. ಅಪ್‌ಡೇಟ್ ತರಿಸಿಕೊಳ್ಳಲು ಮಾತ್ರ ಹೊರಗೆ ಹೋಗುವ ಸರ್ವರ್‌ಗಳಿಗೆ ನಾನೂ ಒಂದು ಟೈನಿಪ್ರಾಕ್ಸಿ ಇಟ್ಟಿದ್ದೇನೆ, ಪೋರ್ಟ್ 8888ರಲ್ಲಿ, ಹಾಕಿದ ಮೇಲೆ ಅದರ ಕಾನ್ಫಿಗ್ ಫೈಲ್ ಮತ್ತೆ ತೆರೆದಿಲ್ಲ.